ಅಮ್ಮನ ಹೆಸರು ಹಳತು, ಮುತ್ತಜ್ಜಿಯ ಹೆಸರು ಹೊಸತು

ಪ್ರಶ್ನೆ: ನಮಗೆ ಮೊದಲ ಮಗು ಹುಟ್ಟಲಿದೆ. ಹೆಸರು ಹುಡುಕಲು ಕುಳಿತಾಗ ಒಂದು ವಿಚಿತ್ರ ಗಮನಕ್ಕೆ ಬಂತು. ನನ್ನ ತಾಯಿಯ ಓರಗೆಯವರ ಹೆಸರುಗಳೆಲ್ಲ ನನಗೆ ಹಳಸಿದಂತೆ ಕೇಳಿಸುತ್ತವೆ. ಆದರೆ ನನ್ನ ಮುತ್ತಜ್ಜಿಯ ಹೆಸರು ತುಂಬ ಚೆಂದವೆನಿಸುತ್ತದೆ. ಅದನ್ನೇ ಇಡೋಣವೆಂದರೆ ಅಮ್ಮ, "ಅದು ಮುದುಕಿಯರ ಹೆಸರು" ಎಂದು ಒಪ್ಪುತ್ತಿಲ್ಲ. ಹೆಸರುಗಳ ಈ ಫ್ಯಾಷನ್ನನ್ನು ನಡೆಸುವವರು ಯಾರು? ಸಿನಿಮಾ ತಾರೆಯರೇ? ಇಂದು ಜನಪ್ರಿಯ ಹೆಸರುಗಳ ಪಟ್ಟಿಯಲ್ಲಿ ಮೇಲಿರುವ ಹೆಸರನ್ನು ಇಟ್ಟರೆ ಮುಂದೆ ಮಗು ನಮ್ಮನ್ನು ದೂರುವಂತಾಗುವುದೇ?

ಉತ್ತರ: ಮೊದಲು ನಿಮ್ಮ ಮತ್ತು ನಿಮ್ಮ ತಾಯಿಯವರ ಭಿನ್ನಾಭಿಪ್ರಾಯಕ್ಕೆ ಬರುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳ ಉತ್ತರವೂ ಬಹುಮಟ್ಟಿಗೆ ಅದರೊಳಗೇ ಇದೆ. ನಿಮ್ಮಿಬ್ಬರ ಕಿವಿಯೂ ಸರಿಯಾಗಿಯೇ ಇದೆ. ಒಂದು ಹೆಸರು ನಮಗೆ ಎಳೆಯದೆಂದೋ ಮುದಿಯೆಂದೋ ತೋರುವುದು, ಅದನ್ನು ಹೊತ್ತವರನ್ನು ನಾವು ಯಾವ ವಯಸ್ಸಿನಲ್ಲಿ ಕಂಡಿದ್ದೇವೆ ಎಂಬುದರಿಂದ. ನಿಮ್ಮ ತಾಯಿಯವರು ಚಿಕ್ಕವರಿದ್ದಾಗ ಆ ಹೆಸರಿನ ಹೆಂಗಸರೆಲ್ಲ ವೃದ್ಧೆಯರಾಗಿದ್ದರು. ಆದ್ದರಿಂದ ಹೆಸರನ್ನು ಕೇಳಿದೊಡನೆ ಅವರ ಕಣ್ಣೆದುರು ನರೆತ ತಲೆಯೇ ಬರುತ್ತದೆ. ನೀವು ಹುಟ್ಟುವ ಹೊತ್ತಿಗೆ ಆ ತಲೆಮಾರು ಹೆಚ್ಚುಕಡಿಮೆ ತೀರಿಹೋಗಿತ್ತು. ಹೆಸರಿಗೆ ಅಂಟಿದ್ದ ಮುಖಗಳು ಅಳಿಸಿಹೋಗಿ ಬರಿಯ ನಾದವಷ್ಟೇ ನಿಮಗೆ ದೊರೆಯಿತು. ನಿಮ್ಮ ತಾಯಿಯ ಓರಗೆಯವರ ಹೆಸರುಗಳ ವಿಷಯದಲ್ಲಿ ನೀವೂ ಅವರಂತೆಯೇ ನಡೆದುಕೊಳ್ಳುತ್ತಿದ್ದೀರಿ.

ಇದು ಬರಿಯ ಊಹೆಯಲ್ಲ, ಜನನ ದಾಖಲೆಗಳಲ್ಲಿ ಕಾಣಸಿಗುವ ಸಂಗತಿ. ಅಮೆರಿಕದ ಪಟ್ಟಿಯಲ್ಲಿ 1880ರಲ್ಲಿ ಹೆಣ್ಣುಮಕ್ಕಳ ಹೆಸರುಗಳ ಪೈಕಿ ಮೇರಿ ಮತ್ತು ಆ್ಯನಾ ನಂತರ ಮೂರನೆಯ ಸ್ಥಾನದಲ್ಲಿದ್ದದ್ದು ಎಮ್ಮಾ. ಇಪ್ಪತ್ತನೆಯ ಶತಮಾನದುದ್ದಕ್ಕೂ ಅದು ಇಳಿಯುತ್ತಲೇ ಹೋಗಿ 1970ರ ದಶಕದಲ್ಲಿ ನಾನೂರನೆಯ ಸ್ಥಾನಕ್ಕಿಂತ ಕೆಳಗೆ ಬಿತ್ತು. ಆಗ ಯಾರನ್ನು ಕೇಳಿದ್ದರೂ ಅದನ್ನು ಅಜ್ಜಿಯರ ಹೆಸರೆಂದೇ ಹೇಳುತ್ತಿದ್ದರು. ಬಳಿಕ ಅದು ಮೆಲ್ಲನೆ ಏರಿ 2008ರಲ್ಲಿ ಮೊದಲ ಸ್ಥಾನಕ್ಕೆ ಬಂತು, 2014ರಿಂದ 2018ರವರೆಗೆ ಮತ್ತೆ ಅಲ್ಲಿಯೇ ನಿಂತಿತು. ಮೂರು ಅಥವಾ ನಾಲ್ಕು ತಲೆಮಾರುಗಳ ಅಂತರದಲ್ಲಿ ಹೆಸರೊಂದು ಮರಳಿ ಬರುವುದನ್ನು ಹೆಸರುಗಳ ಆಸಕ್ತರು ಸಡಿಲವಾಗಿ ನೂರು ವರ್ಷಗಳ ನಿಯಮವೆನ್ನುತ್ತಾರೆ. ನಿಯಮವೆಂಬ ಮಾತು ಸ್ವಲ್ಪ ದೊಡ್ಡದಾಯಿತೆಂದು ನನ್ನ ಅಭಿಪ್ರಾಯ, ಏಕೆಂದರೆ ಮರಳಿ ಬಾರದೇ ಉಳಿದ ಹೆಸರುಗಳ ಸಂಖ್ಯೆ ಮರಳಿ ಬಂದವುಗಳಿಗಿಂತ ಬಹಳ ದೊಡ್ಡದು. ಇಂದಿನ ಕಿವಿಗೆ ಒಗ್ಗುವ ನಾದವಿರುವ ಹೆಸರುಗಳಿಗೆ ಮಾತ್ರ ಎರಡನೆಯ ಆಯುಷ್ಯ ಸಿಗುತ್ತದೆ.

ಈ ಅಂಕಿಅಂಶಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆಯ ಪಟ್ಟಿ 1880ರಿಂದ ಲಭ್ಯವಿದೆಯಾದರೂ ಆ ಇಲಾಖೆಯ ಪಿಂಚಣಿ ಯೋಜನೆ ಆರಂಭವಾದದ್ದು 1930ರ ದಶಕದಲ್ಲಿ. ಅದಕ್ಕೂ ಮೊದಲು ಹುಟ್ಟಿದವರಲ್ಲಿ ಮುಂದೆ ಅದರ ಕಾರ್ಡಿಗೆ ಅರ್ಜಿ ಹಾಕಿದವರ ಹೆಸರುಗಳಷ್ಟೇ ಅದರಲ್ಲಿವೆ. ಫ್ರಾನ್ಸಿನ ಅಂಕಿಅಂಶ ಸಂಸ್ಥೆಯ ಕಡತ 1900ರಿಂದ ಆರಂಭವಾಗುತ್ತದೆ. ಜಪಾನಿನಲ್ಲಿ ಒಂದು ಜೀವವಿಮಾ ಸಂಸ್ಥೆ ತನ್ನ ಗ್ರಾಹಕರ ದಾಖಲೆಗಳಿಂದ 1912ರವರೆಗೆ ಹಿಂದಕ್ಕೆ ಹೋಗುವ ಪಟ್ಟಿಯನ್ನು ಸಿದ್ಧಪಡಿಸಿದೆ. ನಾನು ಮುಂದೆ ಕೊಡುವ ಉದಾಹರಣೆಗಳು ಹೆಚ್ಚಾಗಿ ಈ ದೇಶಗಳವೇ ಆಗಿರುವುದಕ್ಕೆ ಕಾರಣ ಅಲ್ಲಿ ಲೆಕ್ಕ ಉಳಿದಿದೆ ಎಂಬುದಷ್ಟೇ.

ಈ ದಾಖಲೆಗಳನ್ನು ಓದುವಾಗ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಹಿಂದಿನವರ ನಿಧಾನ. ಅಮೆರಿಕದಲ್ಲಿ ಜಾನ್ ಎಂಬುದು 1880ರಿಂದ 1923ರವರೆಗೆ ಒಂದು ವರ್ಷವೂ ಬಿಡದೆ ಗಂಡುಮಕ್ಕಳ ಹೆಸರುಗಳಲ್ಲಿ ಮೊದಲ ಸ್ಥಾನದಲ್ಲಿತ್ತು. ಮೇರಿ 1880ರಿಂದ 1946ರವರೆಗೆ ಹಾಗೆಯೇ ಇದ್ದು, ಲಿಂಡಾ ಎಂಬ ಹೆಸರಿಗೆ ಆರು ವರ್ಷ ಜಾಗ ಬಿಟ್ಟುಕೊಟ್ಟು, ಮತ್ತೆ 1953ರಿಂದ 1961ರವರೆಗೆ ಮೇಲಿತ್ತು. ಇಂಗ್ಲೆಂಡಿನಲ್ಲಿ 1066ರ ನಾರ್ಮನ್ ವಿಜಯದ ನಂತರ ಗಾಡ್ವಿನ್, ಲಿಯೋಫ್ರಿಕ್‌ನಂಥ ಹಳೆಯ ಹೆಸರುಗಳು ಕೆಲವೇ ತಲೆಮಾರುಗಳಲ್ಲಿ ಅಳಿದು ವಿಲಿಯಮ್, ರಾಬರ್ಟ್, ರಿಚರ್ಡ್‌ಗಳು ನೆಲೆಗೊಂಡವು. ಅಲ್ಲಿಂದ ಮುಂದೆ ಶತಮಾನಗಳ ಕಾಲ ಬೆರಳೆಣಿಕೆಯ ಹೆಸರುಗಳೇ ಗಂಡಸರ ಬಹುದೊಡ್ಡ ಪಾಲನ್ನು ಆಳಿದವು. ಆಗ ಹೆಸರು ಆಯ್ಕೆಯ ವಸ್ತುವಾಗಿರಲಿಲ್ಲ, ಅಜ್ಜನಿಂದ, ಹಿರಿಯರಿಂದ, ಸಂತರಿಂದ ಬಂದು ಕೈಸೇರುವ ಆಸ್ತಿಯಂತಿತ್ತು. ಆಸ್ತಿಯನ್ನು ಚೆಂದವೋ ಅಲ್ಲವೋ ಎಂದು ಯಾರೂ ನೋಡುವುದಿಲ್ಲ.

ದೊಡ್ಡ ತಿರುವು ಬಂದದ್ದು ಹೆಸರನ್ನು ತಂದೆತಾಯಿಯರು ತಮ್ಮ ಅಭಿರುಚಿಯಂತೆ ಆರಿಸತೊಡಗಿದಾಗ. ಅಭಿರುಚಿಯ ಕೈಗೆ ಸಿಕ್ಕ ಯಾವ ವಸ್ತುವಾದರೂ ಫ್ಯಾಷನ್ನಿಗೆ ಒಳಗಾಗುತ್ತದೆ, ಹೆಸರೂ ಹಾಗೆಯೇ ಆಯಿತು. ಕಾನೂನು ಇದನ್ನು ತಡೆದು ನೋಡಿದ ದೇಶಗಳೂ ಇವೆ. ಫ್ರಾನ್ಸಿನ 1803ರ ಕಾನೂನಿನಂತೆ ಪಂಚಾಂಗಗಳಲ್ಲಿ ಬಳಕೆಯಲ್ಲಿದ್ದ ಹೆಸರುಗಳನ್ನೋ ಪ್ರಾಚೀನ ಇತಿಹಾಸದ ವ್ಯಕ್ತಿಗಳ ಹೆಸರುಗಳನ್ನೋ ಮಾತ್ರ ಇಡಬಹುದಾಗಿತ್ತು. 1966ರಲ್ಲಿ ಅದು ಸಡಿಲಗೊಂಡು 1993ರಲ್ಲಿ ತಂದೆತಾಯಿಯರಿಗೆ ಬಹುತೇಕ ಪೂರ್ಣ ಸ್ವಾತಂತ್ರ್ಯ ದೊರೆಯಿತು. ಒಂದೇ ಅಕ್ಷರವನ್ನು ಹಲವು ಬಗೆಯಲ್ಲಿ ಓದಬಹುದಾದ ಜಪಾನ್ ಇದಕ್ಕೆ ತದ್ವಿರುದ್ಧವಾಗಿ, ಬರೆದ ಅಕ್ಷರಕ್ಕೂ ಓದುವ ಉಚ್ಚಾರಣೆಗೂ ಸಂಬಂಧವೇ ಇಲ್ಲದ ಹೆಸರುಗಳು ಹೆಚ್ಚಾದ ಮೇಲೆ, ಹೆಸರಿನ ಉಚ್ಚಾರಣೆಯನ್ನು ಕುಟುಂಬ ನೋಂದಣಿಯಲ್ಲಿ ದಾಖಲಿಸಬೇಕೆಂದೂ ಅದು ಸಾಮಾನ್ಯವಾಗಿ ಒಪ್ಪಿತವಾದ ಓದಾಗಿರಬೇಕೆಂದೂ 2025ರ ಮೇ ತಿಂಗಳಿಂದ ನಿಯಮ ತಂದಿದೆ. ಆದರೆ ಅಂಥ ಕಟ್ಟುಪಾಡುಗಳೇ ಇಲ್ಲದ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲೂ ಹೆಸರುಗಳು ಶತಮಾನಗಳ ಕಾಲ ಅಲುಗಾಡದೆ ಇದ್ದು ಆಮೇಲೆ ಓಡತೊಡಗಿದ್ದರಿಂದ, ಕಾನೂನಿನ ಪಾತ್ರ ಇಲ್ಲಿ ಚಿಕ್ಕದೆಂದೇ ಹೇಳಬೇಕು.

ಈಗ ಸಿನಿಮಾದ ಪ್ರಶ್ನೆ. ಇದು ನನ್ನನ್ನು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ. ಅದಕ್ಕೆ ನಾನು ಕೊಡುವ ಉತ್ತರದಿಂದ ಹೆಚ್ಚಿನವರಿಗೆ ನಿರಾಸೆಯಾಗುವುದೂ ಉಂಟು. ಲಿಂಡಾ 1947ರಲ್ಲಿ ಮೇರಿಯನ್ನು ಕೆಳಗಿಳಿಸಿದ್ದು ಆ ವರ್ಷ ಮನೆಮಾತಾದ ಒಂದು ಹಾಡಿನಿಂದ ಎಂಬ ಮಾತಿದೆ. ಆದರೆ ಹಾಡು ಬರುವ ಮೊದಲೇ, 1946ರಲ್ಲಿಯೇ ಲಿಂಡಾ ಎರಡನೆಯ ಸ್ಥಾನ ತಲುಪಿಯಾಗಿತ್ತು. ಹತ್ತು ವರ್ಷಗಳಿಂದ ಅದು ಭರದಿಂದ ಏರುತ್ತಲೇ ಇತ್ತು. ಜೆನಿಫರ್ ಎಂಬ ಹೆಸರಿನ ಹುಚ್ಚನ್ನು ಆ ಹೆಸರಿನ ನಾಯಕಿಯಿದ್ದ ಒಂದು ಪ್ರೇಮಚಿತ್ರದ ತಲೆಗೆ ಕಟ್ಟುವವರು ಬಹಳ. ಚಿತ್ರ ತೆರೆಕಂಡದ್ದು 1970ರ ಡಿಸೆಂಬರಿನಲ್ಲಿ, ಆ ವರ್ಷದ ಹೆಣ್ಣುಮಕ್ಕಳ ಪಟ್ಟಿಯಲ್ಲಿ ಅಷ್ಟರಲ್ಲಾಗಲೇ ಮೊದಲ ಹೆಸರು ಜೆನಿಫರ್. ಫ್ರಾನ್ಸಿನಲ್ಲಿ ಕೆವಿನ್ ಹೆಸರಿನ ಅಲೆಗೆ ಮನೆಯಲ್ಲಿ ಒಂಟಿಯಾಗಿ ಉಳಿದ ಹುಡುಗನ ಹಾಸ್ಯಚಿತ್ರವೇ ಕಾರಣವೆನ್ನುತ್ತಾರೆ. ಆ ಚಿತ್ರ 1990ರ ಕೊನೆಯಲ್ಲಿ ಬಂತು, ಕೆವಿನ್ 1989ರಲ್ಲಿಯೇ ಅಲ್ಲಿನ ಗಂಡುಮಕ್ಕಳ ಮೊದಲ ಹೆಸರಾಗಿತ್ತು.

ಹೀಗಾಗುವುದಕ್ಕೆ ಕಾರಣವೂ ಸರಳ. ಪಾತ್ರಗಳಿಗೆ ಹೆಸರಿಡುವ ಕತೆಗಾರರು, ಹಾಡು ಬರೆಯುವವರು, ಮಗುವಿಗೆ ಹೆಸರಿಡುವ ತಂದೆತಾಯಿಯರು ಎಲ್ಲರೂ ಒಂದೇ ಗಾಳಿಯನ್ನು ಉಸಿರಾಡುವವರು. ಆ ಹೊತ್ತಿಗೆ ತಾಜಾ ಎನಿಸುವ ಹೆಸರು ಎಲ್ಲರಿಗೂ ಒಟ್ಟಿಗೆ ತಾಜಾ ಎನಿಸುತ್ತದೆ. ಚಿತ್ರ ಏರುತ್ತಿರುವ ಹೆಸರಿಗೆ ಇನ್ನಷ್ಟು ನೂಕುಬಲ ಕೊಡಬಹುದು, ಆದರೆ ಇಳಿಯುತ್ತಿರುವ ಹೆಸರನ್ನು ಎತ್ತಿ ನಿಲ್ಲಿಸಿದ ಚಿತ್ರಗಳು ವಿರಳ. ಇದಕ್ಕೆ ಅಪವಾದವೇ ಇಲ್ಲವೆನ್ನಲಾಗದು. 1984ರ ಒಂದು ಚಿತ್ರದಲ್ಲಿ ಮತ್ಸ್ಯಕನ್ಯೆಯೊಬ್ಬಳು ನ್ಯೂಯಾರ್ಕಿನ ಒಂದು ಬೀದಿಯ ಫಲಕವನ್ನು ನೋಡಿ ಮ್ಯಾಡಿಸನ್ ಎಂಬ ಹೆಸರಿಟ್ಟುಕೊಳ್ಳುತ್ತಾಳೆ. ಅಂದು ಅದು ನಗೆಯ ಮಾತಾಗಿತ್ತು, ಏಕೆಂದರೆ ಹೆಣ್ಣಿಗೆ ಅಂಥ ಹೆಸರನ್ನು ಯಾರೂ ಕೇಳಿರಲಿಲ್ಲ. ಆದರೆ 2001ರ ಹೊತ್ತಿಗೆ ಅದು ಅಮೆರಿಕದ ಹೆಣ್ಣುಮಕ್ಕಳ ಹೆಸರುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂತು. ಬೀಜ ಚಿತ್ರದ್ದೇ, ಒಪ್ಪುತ್ತೇನೆ. ಮ್ಯಾಡಿಸನ್‌ನಂಥ ಮನೆತನದ ಹೆಸರುಗಳನ್ನು ಹೆಣ್ಣುಮಕ್ಕಳಿಗೆ ಇಡುವ ರೂಢಿ ಆಗ ಅಲ್ಲಿ ಬೆಳೆಯುತ್ತಿರದಿದ್ದರೆ ಆ ಬೀಜ ಮೊಳೆಯುತ್ತಿತ್ತೇ ಎಂಬುದು ಬೇರೆ ಪ್ರಶ್ನೆ.

ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಲೀಬರ್ಸನ್ ಒತ್ತಿ ಹೇಳಿದ ಒಂದು ಅಂಶ ಇಲ್ಲಿ ಮುಖ್ಯವಾಗುತ್ತದೆ. ಬಟ್ಟೆಯ ಫ್ಯಾಷನ್ ಬದಲಾದರೆ ಅಂಗಡಿಯವರಿಗೆ, ಜಾಹೀರಾತಿನವರಿಗೆ ಲಾಭವಿದೆ. ಹೆಸರು ಮಾರುವ ಕಂಪನಿಯಿಲ್ಲ, ಹೊಸ ಹೆಸರಿಗೆ ಹಳೆಯದಕ್ಕಿಂತ ಹೆಚ್ಚು ಬೆಲೆಯಿಲ್ಲ. ಆದರೂ ಹೆಸರುಗಳು ಬಟ್ಟೆಯಷ್ಟೇ ನಿಯಮಿತವಾಗಿ ಬದಲಾಗುತ್ತವೆಂದರೆ ಬದಲಾವಣೆಯ ಯಂತ್ರ ಅಭಿರುಚಿಯ ಒಳಗೇ ಇದೆ. ನನ್ನ ಮಟ್ಟಿಗೆ ಆ ಯಂತ್ರಕ್ಕೆ ಎರಡು ಚಕ್ರಗಳು. ಒಂದು, ನಿಮ್ಮ ಪ್ರಶ್ನೆಯಲ್ಲಿಯೇ ಇರುವ ತಲೆಮಾರಿನ ದೂರ: ಅಪ್ಪ ಅಮ್ಮಂದಿರ ಹೆಸರಿನಿಂದ ದೂರ ಸರಿಯಬೇಕೆಂಬ, ಆದರೆ ತೀರ ಅಪರಿಚಿತಕ್ಕೂ ಹೋಗಬಾರದೆಂಬ ಮನಸ್ಸು. ಇನ್ನೊಂದು ನಾದ.

ನಾದದ ವಿಷಯವನ್ನು ತುಸು ವಿಸ್ತರಿಸುತ್ತೇನೆ, ಏಕೆಂದರೆ ಜನಪ್ರಿಯತೆಯ ಪಟ್ಟಿಯನ್ನಷ್ಟೇ ನೋಡುವವರ ಕಣ್ಣಿಗೆ ಇದು ಬೀಳುವುದಿಲ್ಲ. ಹೆಸರುಗಳು ಒಂದೊಂದಾಗಿ ಬರುವುದಿಲ್ಲ, ಒಂದೇ ಪ್ರಾಸದ ಹಿಂಡುಹಿಂಡಾಗಿ ಬರುತ್ತವೆ. ಅಮೆರಿಕದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಏಡನ್ ಏರಿತು, ಅದರ ಬೆನ್ನಿಗೇ ಜೇಡನ್, ಬ್ರೇಡನ್, ಹೇಡನ್, ಕೇಡನ್‌ಗಳು ಬಂದವು. ಜಪಾನಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹುಟ್ಟಿದ ಹೆಂಗಸರ ಪಟ್ಟಿ ನೋಡಿದರೆ ಯೋಶಿಕೋ, ಕಝುಕೋ, ಸಚಿಕೋ ಎಂದು 'ಕೋ' ಅಂತ್ಯದ ಹೆಸರುಗಳೇ ತುಂಬಿವೆ. ಕಳೆದ ಕೆಲವು ದಶಕಗಳ ಪಟ್ಟಿಗಳ ಮೇಲ್ಭಾಗದಿಂದ ಆ ಅಂತ್ಯವೇ ಮಾಯವಾಗಿದೆ. ನಾದದ ಶಕ್ತಿಗೆ ಬಹಳ ವಿಚಿತ್ರವಾದ ಸಾಕ್ಷಿ 2005ರ ಕಟ್ರೀನಾ ಚಂಡಮಾರುತದ್ದು. ಅಷ್ಟು ವಿನಾಶ ಮಾಡಿದ ಬಿರುಗಾಳಿಯ ಹೆಸರನ್ನು ಮಗುವಿಗೆ ಇಡಲು ಜನ ಹಿಂಜರಿದರು, ಅದು ಸಹಜ. ಆದರೆ ಅದೇ ಸಮಯದಲ್ಲಿ ರೋಮನ್ ಲಿಪಿಯ 'ಕೆ' ಅಕ್ಷರದಿಂದ ಆರಂಭವಾಗುವ ಹೆಸರುಗಳು ಹೆಚ್ಚಾದವೆಂದು ಸಂಶೋಧಕರು ತೋರಿಸಿದ್ದಾರೆ. ತಿಂಗಳುಗಟ್ಟಲೆ ಕಿವಿಗೆ ಬಿದ್ದ ಧ್ವನಿ, ಅರ್ಥವನ್ನು ಬಿಟ್ಟು ತಾನು ಮಾತ್ರ ಒಳಗಿಳಿದಿತ್ತು.

ಇದರಿಂದ ಒಂದು ಇಕ್ಕಟ್ಟಿನ ಸಂಗತಿ ಹೊರಡುತ್ತದೆ. ಯಾರೂ ಇಡದ ಹೆಸರನ್ನು ಹುಡುಕಿ ಇಟ್ಟೆವೆಂದುಕೊಂಡ ತಂದೆತಾಯಿಯರು ಕೂಡ ಆ ಕಾಲದ ನಾದದಿಂದ ತಪ್ಪಿಸಿಕೊಂಡಿರುವುದಿಲ್ಲ. ಹೆಸರು ಅಪರೂಪದ್ದೇ ಇರಬಹುದು, ಆದರೆ ಇಪ್ಪತ್ತು ವರ್ಷಗಳ ಮೇಲೆ ಕೇಳಿದವರು ಅದು ಯಾವ ದಶಕದ್ದೆಂದು ಥಟ್ಟನೆ ಹೇಳಬಲ್ಲರು. ನಿಮ್ಮ ಮುತ್ತಜ್ಜಿಯ ಹೆಸರು ನಿಮಗೆ ಚೆಂದವೆನಿಸಿದೆ ಎಂದರೆ ನಿಮ್ಮ ವಯಸ್ಸಿನ ಸಾವಿರಾರು ಜನರಿಗೆ, ನೀವು ಅರಿಯದೆಯೇ, ಅದೇ ನಾದದ ಹೆಸರುಗಳು ಚೆಂದವೆನಿಸುತ್ತಿರುವ ಸಾಧ್ಯತೆ ಹೆಚ್ಚು. ಎಮ್ಮಾ ಎಂದು ಹೆಸರಿಟ್ಟ ಎಷ್ಟೋ ಮಂದಿ ತಾವು ಹಳೆಯ ಪೆಟ್ಟಿಗೆಯಿಂದ ಮರೆತ ಒಡವೆಯೊಂದನ್ನು ತೆಗೆದೆವೆಂದೇ ಭಾವಿಸಿದ್ದಿರಬೇಕು. ಶಾಲೆಗೆ ಸೇರಿಸಿದ ದಿನ ಅದೇ ಒಡವೆ ಇನ್ನಿಬ್ಬರ ಕೊರಳಲ್ಲೂ ಕಂಡಿತು.

ಕಾಲದ ಮುದ್ರೆ ನೇರವಾಗಿ ಬೀಳುವ ಹೆಸರುಗಳೂ ಇವೆ. 1926ರ ಕೊನೆಯಲ್ಲಿ ಜಪಾನಿನಲ್ಲಿ ಹೊಸ ಚಕ್ರವರ್ತಿಯ ಆಳ್ವಿಕೆಯೊಡನೆ ಶೋವಾ ಎಂಬ ಯುಗ ಆರಂಭವಾದ ಮೇಲೆ, ಆ ಪದದ ಎರಡನೆಯ ಅಕ್ಷರದಿಂದ ಬರೆಯುವ ಕಝುಕೋ ಅನೇಕ ವರ್ಷ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮೊದಲನೆಯದಾಗಿತ್ತು. 1949ರ ನಂತರ ಚೀನಾದಲ್ಲಿ ದೇಶವನ್ನು ಕಟ್ಟು ಎಂಬ ಅರ್ಥದ ಜಿಯಾನ್‌ಗುವೊ ಎಂಬ ಹೆಸರು ಹರಡಿತು. ರಷ್ಯಾದ ಕ್ರಾಂತಿಯ ಬಳಿಕ ವ್ಲಾದಿಮಿರ್ ಲೆನಿನ್ ಎಂಬುದನ್ನು ಮೊಟಕು ಮಾಡಿ ವ್ಲಾದ್ಲೆನ್, ಲೆನಿನ್ ಎಂಬುದನ್ನು ತಿರುಗುಮುರುಗಾಗಿ ಓದಿ ನಿನೆಲ್ ಎಂದು ಹೆಸರಿಟ್ಟವರಿದ್ದರು. ಇಂಥವುಗಳ ವಯಸ್ಸು ಹೇಳಲು ಪಟ್ಟಿಯೇ ಬೇಕಿಲ್ಲ.

ಹೆಸರು ಕೆಡುವುದೂ ಉಂಟು. ಅಮೆಜಾನ್ ಕಂಪನಿ 2014ರ ಕೊನೆಯಲ್ಲಿ ತನ್ನ ಮಾತನಾಡುವ ಯಂತ್ರಕ್ಕೆ ಅಲೆಕ್ಸಾ ಎಂದು ಹೆಸರಿಟ್ಟ ಮೇಲೆ, ಅಮೆರಿಕದ ಮೊದಲ ಐವತ್ತರೊಳಗಿದ್ದ ಆ ಹೆಸರು ಕೆಲವೇ ವರ್ಷಗಳಲ್ಲಿ ನೂರಾರು ಸ್ಥಾನ ಕುಸಿಯಿತು. ಮಗಳನ್ನು ಕೂಗಿದಾಗಲೆಲ್ಲ ಯಂತ್ರ ಓಗೊಟ್ಟರೆ ಯಾರು ತಾನೆ ಸಹಿಸಿಯಾರು? ಕರೆನ್ ಎಂಬ ಹೆಸರಿನ ಕತೆ ಬೇರೆ ರೀತಿಯದು. ಸಿಡುಕಿ ದೂರುವ ನಡುವಯಸ್ಸಿನ ಹೆಂಗಸಿಗೆ ಅದು ಅಡ್ಡಹೆಸರಾದದ್ದರಿಂದ ಹೆಸರು ನಶಿಸಿತೆಂದು ಹೇಳುವುದುಂಟು. ಆದರೆ ಕರೆನ್ 1965ರಲ್ಲಿ ಮೂರನೆಯ ಸ್ಥಾನ ಮುಟ್ಟಿ ಅಂದಿನಿಂದಲೂ ಇಳಿಮುಖವಾಗಿಯೇ ಇತ್ತು. ಆ ಹೆಸರು ನಡುವಯಸ್ಸಿನದಾಗಿದ್ದರಿಂದಲೇ ಗೇಲಿಗೆ ಹೊಂದಿಕೊಂಡಿತು. ಅಂದರೆ ಕಾರಣ ಮತ್ತು ಪರಿಣಾಮಗಳನ್ನು ಜನ ಅದಲುಬದಲು ಮಾಡಿಕೊಂಡಿದ್ದಾರೆ.

ಇನ್ನು ಇಂದಿನ ಜನಪ್ರಿಯ ಹೆಸರನ್ನಿಟ್ಟರೆ ಮಗು ದೂರುವುದೇ ಎಂಬ ನಿಮ್ಮ ಕೊನೆಯ ಪ್ರಶ್ನೆ. ಮೊದಲ ಸ್ಥಾನವೆಂಬುದಕ್ಕೆ ಈಗ ಹಿಂದಿನ ಅರ್ಥವಿಲ್ಲ. 1880ರಲ್ಲಿ ಅಮೆರಿಕದ ದಾಖಲೆಯ ಗಂಡುಮಕ್ಕಳಲ್ಲಿ ನೂರಕ್ಕೆ ಎಂಟು ಮಂದಿ ಜಾನ್. 1947ರಲ್ಲಿ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಲಿಂಡಾ. 2017ರಿಂದ ಅಲ್ಲಿ ಗಂಡುಮಕ್ಕಳ ಮೊದಲ ಹೆಸರಾಗಿರುವ ಲಿಯಮ್‌ನ ಪಾಲು ನೂರಕ್ಕೆ ಒಂದರ ಆಸುಪಾಸು. ತರಗತಿಯಲ್ಲಿ ಹದಿನೈದು ಹುಡುಗಿಯರಿದ್ದರೆಂದು ಇಟ್ಟುಕೊಂಡರೆ ಅಂದು ಸರಾಸರಿ ಐದು ತರಗತಿಗಳಲ್ಲಿ ನಾಲ್ವರು ಲಿಂಡಾ ಸಿಗುತ್ತಿದ್ದರು. ಹದಿನೈದು ಹುಡುಗರ ತರಗತಿಗಳಲ್ಲಿ ಇಂದು ಒಬ್ಬ ಲಿಯಮ್ ಸಿಗಬೇಕಾದರೆ ಆರು ತರಗತಿಗಳನ್ನಾದರೂ ಹುಡುಕಬೇಕು. ಆದ್ದರಿಂದ ಪಟ್ಟಿಯ ತುದಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಹೆಸರೊಂದನ್ನು ತಳ್ಳಿಹಾಕಬೇಕಿಲ್ಲ.

ಪಟ್ಟಿಯನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಈ ದೇಶಗಳಲ್ಲಿ ಒಂದೊಂದು ಕಾಗುಣಿತವನ್ನೂ ಬೇರೆ ಹೆಸರೆಂದು ಎಣಿಸುತ್ತಾರೆ. ನಾವು ಕನ್ನಡದಲ್ಲಿ ಸೋಫಿಯಾ ಎಂದು ಒಂದೇ ರೀತಿ ಬರೆಯುವ ಹೆಸರು ರೋಮನ್ ಲಿಪಿಯಲ್ಲಿ ಎರಡು ಬಗೆಯ ಬರವಣಿಗೆಯಾಗಿ ಎರಡು ಕಡೆ ಕಾಣಿಸಿಕೊಳ್ಳುತ್ತದೆ, ಎರಡನ್ನೂ ಕೂಡಿಸಿದರೆ ಅದರ ನಿಜವಾದ ಸ್ಥಾನ ಮೇಲೇರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರಲ್ಲಿ ಮುಹಮ್ಮದ್ ಗಂಡುಮಕ್ಕಳ ಮೊದಲ ಹೆಸರಾದಾಗಲೂ ಅದು ಒಂದು ಕಾಗುಣಿತದ ಲೆಕ್ಕ ಮಾತ್ರ. ಅದೇ ಹೆಸರಿನ ಇನ್ನೆರಡು ಬರವಣಿಗೆಗಳು ಮೊದಲ ನೂರರೊಳಗೆ ಬೇರೆಯಾಗಿ ಇದ್ದವು.

ಸ್ಥಾನಕ್ಕಿಂತ ಮುಖ್ಯವಾದದ್ದು ಏರಿಕೆಯ ವೇಗ. ಜೋನಾ ಬರ್ಗರ್ ಮತ್ತು ಗಾಯೆಲ್ ಲ ಮೆನ್ಸ್ ಎಂಬ ಸಂಶೋಧಕರು ಫ್ರಾನ್ಸ್ ಮತ್ತು ಅಮೆರಿಕಗಳ ನೂರು ವರ್ಷಗಳಿಗೂ ಮೀರಿದ ಹೆಸರುಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಗ ಏರಿದ ಹೆಸರುಗಳು ಬೇಗನೆ ಇಳಿಯುತ್ತವೆಂಬುದನ್ನು ಎರಡೂ ದೇಶಗಳಲ್ಲಿ ಕಂಡರು. ಧಿಡೀರನೆ ಏರಿದ್ದನ್ನು ಕಂಡು ಇದು ಬರಿಯ ಗೀಳು ಎಂದು ಜನ ದೂರ ಸರಿಯುವುದೇ ಇದಕ್ಕೆ ಕಾರಣವೆಂಬುದು ಅವರ ವಿವರಣೆ. ಕೆವಿನ್ ಇದಕ್ಕೆ ಕಣ್ಣಿಗೆ ಕಟ್ಟುವ ನಿದರ್ಶನ. ಫ್ರಾನ್ಸಿನಲ್ಲಿ ಅದು 1994ರವರೆಗೆ ಮೇಲಿದ್ದು ಏರಿದ ಭರದಲ್ಲಿಯೇ ಇಳಿಯಿತು. ಜರ್ಮನಿಯಲ್ಲಿಯೂ 1990ರ ದಶಕದ ಆರಂಭದಲ್ಲಿ ಬಹಳ ಜನಪ್ರಿಯವಾಗಿದ್ದ ಆ ಹೆಸರು ಮುಂದೆ ಓದುಬರಹ ಕಡಿಮೆಯಿರುವ ಮನೆಯ ಗುರುತೆಂಬ ಪೂರ್ವಗ್ರಹಕ್ಕೆ ಸಿಕ್ಕಿತು. ಓಲ್ಡನ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ನಡೆದು 2009ರಲ್ಲಿ ಸುದ್ದಿಯಾದ ಸಮೀಕ್ಷೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ಆ ಹೆಸರಿನ ಮಕ್ಕಳನ್ನು ತಂಟೆಕೋರರೆಂದು ಮೊದಲೇ ಎಣಿಸುವ ಪ್ರವೃತ್ತಿ ಕಂಡುಬಂತು. ಮಗು ದೂರುವುದಿದ್ದರೆ ಇಂಥದಕ್ಕೆ ದೂರೀತು. ತಪ್ಪು ಹೆಸರಿನದಲ್ಲ, ಶಿಕ್ಷಕರದು ಎಂದು ನಾವು ಹೇಳಬಹುದು, ಹೇಳಲೂ ಬೇಕು. ಆದರೆ ತರಗತಿಯಲ್ಲಿ ಕೂರುವುದು ಮಗುವೇ.

ಹಾಗಾಗಿ ನಿಮ್ಮ ಮುತ್ತಜ್ಜಿಯ ಹೆಸರಿನ ಬಗ್ಗೆ ನಾನು ಹೇಳುವುದಿಷ್ಟು. ಆ ಹೆಸರು ಹೋದ ಹತ್ತು ವರ್ಷಗಳಲ್ಲಿ ಯಾವ ಯಾವ ಸ್ಥಾನದಲ್ಲಿತ್ತೆಂದು ದಾಖಲೆಯಿದ್ದರೆ ನೋಡಿ. ಎಲ್ಲೋ ಕೆಳಗೆ ಸ್ಥಿರವಾಗಿ ಇದ್ದರೆ, ಅಥವಾ ವರ್ಷಕ್ಕೆ ಕೆಲವೇ ಸ್ಥಾನದಂತೆ ಮೆಲ್ಲನೆ ಏರುತ್ತಿದ್ದರೆ ನಿಶ್ಚಿಂತೆಯಿಂದ ಇಡಬಹುದು. ಮೂರ್ನಾಲ್ಕು ವರ್ಷಗಳಲ್ಲಿ ನೂರಾರು ಸ್ಥಾನ ಹಾರಿದ್ದರೆ, ನಿಮಗೆ ಹೊಳೆದದ್ದು ಬಹಳ ಮಂದಿಗೆ ಒಟ್ಟಿಗೇ ಹೊಳೆದಿದೆ ಎಂದು ತಿಳಿಯಿರಿ, ಅದರ ಇಳಿಕೆಯೂ ಅಷ್ಟೇ ಚುರುಕಾಗಿರುವ ಸಂಭವವಿದೆ. ದಾಖಲೆ ಸಿಗದಿದ್ದರೆ ಇನ್ನೊಂದು ದಾರಿಯಿದೆ: ಐದು ವರ್ಷದೊಳಗಿನ ಮಕ್ಕಳ ಹೆಸರುಗಳನ್ನು ಒಂದಷ್ಟು ಕಲೆಹಾಕಿ, ಆ ಹೆಸರಿನ ಮೊದಲ ಧ್ವನಿಯೂ ಕೊನೆಯ ಧ್ವನಿಯೂ ಅವುಗಳಲ್ಲಿ ಎಷ್ಟು ಸಲ ಬರುತ್ತವೆಂದು ಕಿವಿಯಿಂದಲೇ ಎಣಿಸಿ. ಹೆಸರು ಅದೇ ಇರಬೇಕೆಂದಿಲ್ಲ, ನಾದ ಸಾಕು.

ನಿಮ್ಮ ತಾಯಿಯವರ ಆಕ್ಷೇಪವನ್ನು ಮಾತ್ರ ಅಂಕಿಅಂಶ ತೋರಿಸಿ ಗೆಲ್ಲಲು ಹೋಗಬೇಡಿ. ಅವರ ನೆನಪಿನಲ್ಲಿರುವ ಮುಖಗಳು ನಿಜವಾದವು. ಹೆಸರನ್ನು ಒಂದು ಎಳೆಯ ಮಗುವಿನ ಮುಖದೊಂದಿಗೆ ಕೆಲವು ತಿಂಗಳು ಕೇಳಿದ ಮೇಲಷ್ಟೇ ಅವು ಹಿಂದಕ್ಕೆ ಸರಿಯುತ್ತವೆ.